ಆಷಾಢ ತಪ್ಪಿಸಿಕೊಂಡ ತಾರೀಖು

ಹೆಸರಘಟ್ಟ
2 ಫೆಬ್ರವರಿ 2015

ಶಿವರಾಮನಿಗೆ,

ಅಕ್ಕನ ಕಾಗದ ಆಫೀಸಿಗೆ ಬಂತಲ್ಲ ಎಂದು ಗಾಬರಿಯಾಗಬೇಡ. ಮನೆಗೆ ಬರೆದರೆ ಕೆಳಗಡೆ ಇರುವ ನಮ್ಮಣ್ಣ ಬಾಲರಾಜುವಿನ ಕೈಗೇ ಮೊದಲು ಸಿಗುತ್ತದೆ. ಫೋನೂ ಮಾಡಬೇಡ. ಅಪ್ಪ ಹೋದ ಮೇಲೆ ನಿನ್ನ ಫೋನು ಎತ್ತಿಲ್ಲ, ಈಗಲೂ ಎತ್ತುವುದಿಲ್ಲ. ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ನಾಳೆ "ನಾನೆಲ್ಲಿ ಅಂಗಂದೆ ಅಕ್ಕ" ಅನ್ನುತ್ತೀಯ. ಏನಿದ್ದರೂ ಬರೆದು ಕಳಿಸು.

ವಿಷಯ ಇಷ್ಟು. ಕೋಗಿಲಿನ ಜಾಗಕ್ಕೆ ನಾನು ಹಾಕಿರುವ ಕೇಸಿನಲ್ಲಿ ಬಾಲರಾಜು ಅಪ್ಪನ ವಿಲ್ ತಂದು ಇಟ್ಟಿದ್ದಾನೆ. ನನ್ನ ಲಾಯರು ಅದರ ನಕಲು ತೆಗೆಸಿಕೊಟ್ಟರು. ಫಾರಂನಲ್ಲಿ ಮೇವಿನ ಬೀಜದ ಚೀಲ ಹೊಲಿಯುತ್ತ ಕೂತಿದ್ದವಳು ಕೈ ಒರೆಸಿಕೊಂಡು ಓದಿದೆ. ಅದರಲ್ಲಿ ಒಂದು ಸಾಲು ಇದೆ. "ನನ್ನ ಮಗಳು ಕಲಾವತಿಗೆ ಮದುವೆಯಲ್ಲಿ ಕೊಡಬೇಕಾದ್ದನ್ನೆಲ್ಲ ಕೊಟ್ಟಿರುತ್ತೇನೆ. ಅವಳಿಗೂ ನನ್ನ ಮನೆಗೂ ಇನ್ನು ಸಂಬಂಧವಿರುವುದಿಲ್ಲ." ಬಾಲರಾಜು ಇದನ್ನು ಬಾಯಿಮಾತಿನಲ್ಲಿ ಹೇಳಿದಾಗ ನಂಬಿದ್ದೂ ಉಂಟು, ನಂಬದೆ ಇದ್ದದ್ದೂ ಉಂಟು. ಅಚ್ಚಿನಲ್ಲಿ ನೋಡಿದ ಮೇಲೆ ಚೀಲ ಹೊಲಿಯುವುದನ್ನು ಅಲ್ಲಿಗೇ ಬಿಟ್ಟೆ.

ವಿಲ್ ಮೇಲಿರುವ ತಾರೀಖು 18 ಜೂನ್ 2012, ಸೋಮವಾರ. ಅಪ್ಪನಿಗೆ ಲಕ್ವಾ ಹೊಡೆದದ್ದು 21ನೇ ತಾರೀಖು ಗುರುವಾರ. ಅಲ್ಲಿಂದ ಸಾಯುವ ತನಕ ಅವರು ಒಂದು ಮಾತು ಆಡಲಿಲ್ಲ, ಯಾರ ಗುರುತೂ ಹತ್ತಲಿಲ್ಲ. ಸಾಕ್ಷಿಗಳು ಇಬ್ಬರು. ಪತ್ರ ಬರೆದ ಪಂಚಪ್ಪ ಹೋದ ವರ್ಷ ತೀರಿಕೊಂಡರು. ಇನ್ನೊಂದು ಸಹಿ ನಿನ್ನದು, ಅಪ್ಪನ ತಮ್ಮನ ಮಗನದು. ಆ "ರಾ"ಕ್ಕೆ ಬಾಲ ಎಳೆಯುವುದನ್ನು ಎರಡನೇ ಕ್ಲಾಸಿನಲ್ಲಿ ನಿನಗೆ ಕಲಿಸಿಕೊಟ್ಟವಳೇ ನಾನು.

ನನಗೆ ಎರಡು ಉತ್ತರ ಬೇಕು. ನೀನು ಸಹಿ ಹಾಕಿದ್ದು ಯಾವ ದಿನ? ಹಾಕುವಾಗ ಅಪ್ಪ ಎಲ್ಲಿ ಕೂತಿದ್ದರು? ಜಾಗದ ಮಾತು ಆಮೇಲೆ. ಬುದ್ಧಿ ನೆಟ್ಟಗಿರುವಾಗಲೇ ಅಪ್ಪ ನನ್ನನ್ನು ಬೇಡ ಅಂದರಾ ಇಲ್ಲವಾ, ಅದು ನನಗೆ ಗೊತ್ತಾಗಬೇಕು.

ಧನಲಕ್ಷ್ಮಿಯನ್ನೂ ಮಗುವನ್ನೂ ಕೇಳಿದೆನೆಂದು ಹೇಳು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಕಲಾವತಿ


ಯಶವಂತಪುರ
11 ಫೆಬ್ರವರಿ 2015

ಕಲಕ್ಕಾ,

ನಿನ್ನ ಅಕ್ಷರ ನೋಡಿ ಎಷ್ಟು ದಿನವಾಗಿತ್ತು. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲ ಹರಿದು ಹಾಕಿದೆ. ನನ್ನ ತಲೆ ಈಗ ಮೊಸರು ಗಡಿಗೆ ಆಗಿದೆ. ಬರೆದದ್ದರಲ್ಲಿ ಹಿಂದುಮುಂದಾದರೆ ಹೊಂದಿಸಿಕೊಂಡು ಓದಿಕೋ.

ನೀನು ಕೇಳಿದ ದಿನ ನನಗೆ ನೆನಪಿಲ್ಲ. ಆಣೆ ಮಾಡಿ ಹೇಳುತ್ತೇನೆ. ಬಾಲರಾಜಣ್ಣ ಆ ವರ್ಷ ನನ್ನ ಹತ್ತಿರ ಏನೇನಕ್ಕೋ ಸಹಿ ಹಾಕಿಸಿಕೊಂಡರು. ಬ್ಯಾಂಕಿಗೆ, ಖಾತೆಗೆ, ಆಸ್ಪತ್ರೆಗೆ. ಅದರಲ್ಲಿ ಹೆಬ್ಬೆಟ್ಟು ಇದ್ದದ್ದು ಒಂದೇ ಕಾಗದ, ಅಷ್ಟು ನೆನಪಿದೆ. ಆ ದಿನ ಆಫೀಸಿನಲ್ಲಿ ಒಂದು ಪ್ಯಾಕೇಜು ಕೈಕೊಟ್ಟಿತ್ತು, ಸರ್ವರ್ ಉತ್ತರ ಕೊಡುತ್ತಿರಲಿಲ್ಲ, ಅದೂ ನೆನಪಿದೆ. ಯಾವ ತಾರೀಖು ಎಂದರೆ ಮಂಜು ಕವಿಯುತ್ತದೆ.

ತಮಾಷೆ ಏನು ಗೊತ್ತಾ, ಈಗ ಆಫೀಸಿನಲ್ಲೂ ನನಗೆ ಬಂದಿರುವ ಕಷ್ಟ ಅದೇ. ಸಹಿ ಹಾಕಿದ್ದು ಯಾವಾಗ?

ನಮ್ಮದು ಲಾರಿ ತೂಕ ಹಾಕುವ ವೇಬ್ರಿಡ್ಜಿನ ಸಾಫ್ಟ್‌ವೇರ್ ಅಂತ ನಿನಗೆ ಗೊತ್ತು. ಹೊಸ ವರ್ಶನ್ನಿನ ಪ್ಯಾಕೇಜು ಹೊರಡುವಾಗ ಅದಕ್ಕೆ ಕಂಪನಿಯ ಡಿಜಿಟಲ್ ಸಹಿ ಹಾಕುವುದು ನನ್ನ ಕೆಲಸ. ಪ್ರತಿ ಸಲ ತೆರೆದಾಗಲೂ ಆ ಪ್ರೋಗ್ರಾಂ ತನ್ನ ಮೇಲಿನ ಸಹಿ ಅಸಲಿಯೋ ಅಲ್ಲವೋ ಎಂದು ತಾನೇ ನೋಡಿಕೊಳ್ಳುತ್ತದೆ. ಸಹಿಯ ಸರ್ಟಿಫಿಕೇಟಿಗೆ ಮೂರು ವರ್ಷ ಆಯುಸ್ಸು. ನಮ್ಮದು ಹೋದ ತಿಂಗಳು ಮುಗಿಯಿತು. ಮುಗಿದ ಮೇಲೂ ಹಳೆಯ ಸಹಿಗಳು ನಡೆಯುತ್ತವೆ, ಆದರೆ ಆಯುಸ್ಸು ಇರುವಾಗಲೇ ಹಾಕಿದ್ದು ಎಂಬುದಕ್ಕೆ ಸಾಕ್ಷಿ ಬೇಕು. ಆ ಸಾಕ್ಷಿ ಹೇಳುವುದಕ್ಕೆಂದೇ ಬೇರೆಯವರು ನಡೆಸುವ ಕಂಪ್ಯೂಟರುಗಳಿವೆ. ಟೈಮ್‌ಸ್ಟ್ಯಾಂಪ್ ಸರ್ವರ್ ಅನ್ನುತ್ತೇವೆ. ನಮ್ಮ ಸಹಿಯನ್ನು ಇಂಟರ್ನೆಟ್ಟಿನಲ್ಲಿ ಅದಕ್ಕೆ ತೋರಿಸಿದರೆ, "ಇಂಥ ದಿನ ಇಂಥ ಗಂಟೆಗೆ ಈ ಸಹಿ ಇತ್ತು" ಎಂದು ತನ್ನದೊಂದು ಮುದ್ರೆ ಒತ್ತಿ ವಾಪಸ್ ಕೊಡುತ್ತದೆ. ನಾನು ಹೇಳಿದ ಆ ದಿನ ಸರ್ವರ್ ಉತ್ತರ ಕೊಡದೆ, ಒಂದು ಪ್ಯಾಕೇಜು ಮುದ್ರೆ ಇಲ್ಲದೆಯೇ ಹೋಯಿತು. ಜನವರಿ 21ರ ಬೆಳಿಗ್ಗೆ ಅದನ್ನು ಹಾಕಿಕೊಂಡಿದ್ದ ವೇಬ್ರಿಡ್ಜುಗಳು ನಿಂತವು. ತುಮಕೂರು ರಸ್ತೆಯಲ್ಲಿ ಈರುಳ್ಳಿ ಲಾರಿಗಳು ಸಾಲಾಗಿ ನಿಂತಿದ್ದವು, ಡ್ರೈವರುಗಳು ನಮ್ಮ ವಂಶವನ್ನೆಲ್ಲ ನೆನೆಸಿಕೊಂಡು ಬೈದರು.

ಓನರ್ ಸೊಣ್ಣಪ್ಪನವರು ಈಗ ಒಳ್ಳೆಯ ಸರ್ವರ್ ಹುಡುಕು ಎಂದು ನನ್ನ ತಲೆಗೆ ಕಟ್ಟಿದ್ದಾರೆ. ಮತ್ತೆ ಅವರೇ ಕೇಳುತ್ತಾರೆ, ಫಾರಿನ್ನಿನವರ ಗಡಿಯಾರ ಯಾಕೆ, ನಮ್ಮ ಆಫೀಸಿನ ಕಂಪ್ಯೂಟರಿನಲ್ಲೇ ಟೈಮ್ ಹಾಕಿಕೊಂಡರೆ ಆಗೋಲ್ವಾ ಎಂದು. ಏನು ಹೇಳಬೇಕೋ ತಿಳಿಯುವುದಿಲ್ಲ.

ಆ ದಿನ ಯಾವುದೆಂದು ಹುಡುಕುತ್ತೇನೆ ಅಕ್ಕ. ಸಿಕ್ಕಿದ ತಕ್ಷಣ ಬರೆಯುತ್ತೇನೆ.

ನಿನ್ನ ತಮ್ಮ
ಶಿವು


ಹೆಸರಘಟ್ಟ
23 ಫೆಬ್ರವರಿ 2015

ಶಿವು,

ಕಾಗದದ ಮೇಲೆ 11 ಎಂದು ಬರೆದಿದ್ದೀಯ. ಲಕೋಟೆ ಮೇಲೆ ಅಂಚೆಯವರು ಒತ್ತಿದ ಮೊಹರು 19 ಅನ್ನುತ್ತದೆ. ಎಂಟು ದಿನ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆಯಾ? ಅಥವಾ 19ಕ್ಕೆ ಬರೆದು, ಅಕ್ಕ ಬೈಯುತ್ತಾಳೆಂದು 11 ಹಾಕಿದೆಯಾ? ಎರಡರಲ್ಲಿ ಯಾವುದು ಎಂದು ಈ ಕಾಗದ ನೋಡಿದರೆ ಗೊತ್ತಾಗುವುದಿಲ್ಲ. ನಾನು ಮೊಹರನ್ನು ನಂಬುತ್ತೇನೆ. ಯಶವಂತಪುರದ ಪೋಸ್ಟ್‌ಮ್ಯಾನಿಗೆ ನಿನ್ನ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ.

ನಿಮ್ಮ ಸೊಣ್ಣಪ್ಪನವರಿಗೆ ಇದನ್ನೇ ಹೇಳು. ಹೆತ್ತವರಿಗೆ ಹೆಗ್ಗಣ ಮುದ್ದು. ನೀವು ಮಾಡಿದ ಸಾಮಾನಿಗೆ ನೀವೇ ಸಹಿ, ಆ ಸಹಿಗೆ ನೀವೇ ಸಾಕ್ಷಿ ಅಂದರೆ ಯಾರು ಕೇಳುತ್ತಾರೆ? ನಮ್ಮ ಫಾರಂನಲ್ಲಿ ಬೀಜದ ಚೀಲ ತುಂಬುವುದು ನಾವು, ತಾರೀಖಿನ ಚೀಟಿ ಬರೆಯುವುದು ಬೇರೆ ಕಡೆಯಿಂದ ಬರುವ ಮೇಡಂ. ನಮ್ಮ ಕೈಗೆ ಕೊಟ್ಟರೆ ಹೋದ ವರ್ಷದ ಬೀಜವೂ ಈ ವರ್ಷದ್ದೇ ಆಗುತ್ತದೆ ಎಂದು ಸರ್ಕಾರಕ್ಕೂ ಗೊತ್ತು. ಇಷ್ಟಕ್ಕೆ ಇಂಜಿನಿಯರಿಂಗ್ ಯಾಕೆ ಓದಬೇಕಿತ್ತೋ.

ನಾನು ಎರಡು ಪ್ರಶ್ನೆ ಕೇಳಿದ್ದೆ. ಲಾರಿ, ಈರುಳ್ಳಿ, ಫಾರಿನ್ ಗಡಿಯಾರ ಎಲ್ಲ ಬಂತು. ಎರಡನೆಯದರ ಸುದ್ದಿಯೇ ಇಲ್ಲ. ಅಪ್ಪ ಎಲ್ಲಿದ್ದರು? ಮಂಚದ ಮೇಲಾ, ಜಗಲಿಯಲ್ಲಾ? ಏನಾದರೂ ಅಂದರಾ? ನನ್ನ ಹೆಸರು ಎತ್ತಿದರಾ? ಸಿಟ್ಟಿನಲ್ಲಿದ್ದರೆ ಅದನ್ನೂ ಬರೆ. ಅಡ್ಡಗೋಡೆ ಮೇಲೆ ದೀಪ ಇಡಬೇಡ.

ಕಲಾವತಿ


ಯಶವಂತಪುರ
9 ಮಾರ್ಚ್ 2015

ಕಲಕ್ಕಾ,

ಇವತ್ತೇ ಬರೆದು ಇವತ್ತೇ ಡಬ್ಬಿಗೆ ಹಾಕುತ್ತಿದ್ದೇನೆ, ಮೊಹರು ನೋಡಿಕೋ.

ಮೊದಲು ಸುಲಭದ್ದು ಹೇಳುತ್ತೇನೆ. ನಿನ್ನ ಪೋಸ್ಟ್‌ಮ್ಯಾನ್ ಮಾತನ್ನು ಸೊಣ್ಣಪ್ಪನವರಿಗೆ ಹೇಳಿದೆ. ನಕ್ಕು ಸುಮ್ಮನಾದರು, ಆಫೀಸಿನ ಗಡಿಯಾರದ ಮಾತು ಮತ್ತೆ ಎತ್ತಲಿಲ್ಲ. ಮೂರು ಸರ್ವರುಗಳನ್ನು ತಿಂಗಳಿಡೀ ಪರೀಕ್ಷೆ ಮಾಡಿದೆ. ಒಂದು ಬೆಳಿಗ್ಗೆ ಚೆನ್ನಾಗಿ ಉತ್ತರ ಕೊಡುತ್ತದೆ, ಸಾಯಂಕಾಲ ಸತ್ತ ಹಾಗೆ ಬಿದ್ದಿರುತ್ತದೆ. ಇನ್ನೊಂದು ಯಾವಾಗ ಕೇಳಿದರೂ ಉತ್ತರ ಕೊಡುತ್ತದೆ, ಆದರೆ ವೇಬ್ರಿಡ್ಜುಗಳಲ್ಲಿರುವ ಹಳೆ ಕಂಪ್ಯೂಟರುಗಳಿಗೆ ಅದರ ಗುರುತೇ ಇಲ್ಲ. ಗುರುತಿಲ್ಲದ ಸಾಕ್ಷಿಯನ್ನು ಅವು ನಂಬುವುದಿಲ್ಲ, ಅದಕ್ಕೆ ಬೇರೆ ಒಂದು ಅಪ್‌ಡೇಟ್ ಹಾಕಬೇಕು. ಮೂರನೆಯದು ಬಿಟ್ಟಿ. ಯಾರು ನಡೆಸುತ್ತಾರೆ, ನಾಳೆ ಇರುತ್ತದೆಯೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಮೊದಲೆರಡನ್ನು ಇಟ್ಟುಕೊಂಡಿದ್ದೇನೆ. ಒಂದು ಕೈಕೊಟ್ಟರೆ ಇನ್ನೊಂದನ್ನು ಕೇಳುವುದು. ಎರಡೂ ಬಾಯಿ ಬಿಡದಿದ್ದರೆ ಪ್ಯಾಕೇಜು ಆಫೀಸಿನಿಂದ ಆಚೆ ಹೋಗಕೂಡದು. ಮೂರು ವರ್ಷದ ಹಿಂದೆಯೇ ಈ ನಿಯಮ ಇದ್ದಿದ್ದರೆ ಎಂದುಕೊಳ್ಳುತ್ತೇನೆ.

ಒಂದು ಮಾತ್ರ ಅರ್ಥವಾಗಿಲ್ಲ. ಮುದ್ರೆ ಇಲ್ಲದ ಆ ಪ್ಯಾಕೇಜು ಐದು ಕಡೆ ಹೋಗಿತ್ತು. ನಾಲ್ಕು ಕಡೆ ನಿಂತಿತು. ಸೋಲದೇವನಹಳ್ಳಿಯ ಲಕ್ಕಣ್ಣನವರ ವೇಬ್ರಿಡ್ಜು ಮಾತ್ರ ಏನೂ ಆಗದೆ ನಡೆಯುತ್ತಲೇ ಇದೆ. ಯಾಕೋ ಗೊತ್ತಿಲ್ಲ. ನಡೆಯುತ್ತಿರುವುದನ್ನು ಮುಟ್ಟಬೇಡ ಎಂದು ಸೊಣ್ಣಪ್ಪನವರು ಹೇಳಿದ್ದಾರೆ.

ಈಗ ಕಷ್ಟದ್ದು. ಬಾಲರಾಜಣ್ಣ ಆ ಕಾಗದಕ್ಕಾಗಿ ನನ್ನನ್ನು ಹುಡುಕಿಕೊಂಡು ಬಂದದ್ದು, ಸರ್ವರ್ ಉತ್ತರ ಕೊಡದೆ ನಾನು ಒದ್ದಾಡುತ್ತಿದ್ದ ದಿನವೇ. ಅದರಲ್ಲಿ ಅನುಮಾನವಿಲ್ಲ. ಆ ಥರದ ದಿನ ಆ ವರ್ಷದಲ್ಲಿ ಒಂದೇ ಇತ್ತು. ಆ ಪ್ಯಾಕೇಜಿನ ಫೈಲು ಹುಡುಕಿ ತೆಗೆದೆ. ಅದರ ಮೇಲಿರುವ ತಾರೀಖು 18 ಜೂನ್ 2012, ಸೋಮವಾರ. ವಿಲ್ಲಿನ ಮೇಲೆ ಇರುವುದೂ ಅದೇ. ಎರಡೂ ಒಂದೇ ಹೇಳುತ್ತವೆ ಅಕ್ಕ.

ದೊಡ್ಡಪ್ಪ ಅವತ್ತು ಕೋಗಿಲಿನಲ್ಲಿ ಮನೆಯಲ್ಲೇ ಇದ್ದರು. ಏನೂ ಅನ್ನಲಿಲ್ಲ.

ಕ್ಷಮಿಸು. ನಿನಗೆ ಬೇರೆ ಉತ್ತರ ಕೊಡಲು ಆಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಶಿವು


ಹೆಸರಘಟ್ಟ
20 ಮಾರ್ಚ್ 2015

ಶಿವು,

ನಾಳೆ ಯುಗಾದಿ. ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟು ಇದನ್ನು ಬರೆಯುತ್ತಿದ್ದೇನೆ.

17ನೇ ತಾರೀಖು ಭಾನುವಾರ ನಾನು ಕೋಗಿಲಿಗೆ ಹೋಗಿದ್ದೆ. ಅಪ್ಪ ಹೊಲದ ಕಡೆಯಿಂದ ಬಂದು, ನಾನು ಮಾಡಿದ ಬಸ್ಸಾರಿನಲ್ಲಿ ಎರಡು ಮುದ್ದೆ ಉಂಡರು. ಬಸ್ಸಿಗೆ ಬಿಡಲು ಬಂದವರು, "ಮುಂದಿನ ವಾರ ಬಾ, ಅವರೆಕಾಯಿ ಇಲ್ಲ ಅಂದ್ರೂ ಅಲಸಿನ ಅಣ್ಣಾದರೂ ಇರ್ತದೆ" ಅಂದರು. ಮಾರನೇ ದಿನ ಸೋಮವಾರ ಅದೇ ಮನುಷ್ಯ ಕೂತುಕೊಂಡು, ಇವಳಿಗೂ ನನಗೂ ಸಂಬಂಧವಿಲ್ಲ ಎಂದು ಬರೆಸಿದರು, ಹಾಗಾದರೆ. ನಾನು ಏನು ಮಾಡಿದೆ ಎಂದು ಮೂರು ವರ್ಷದಿಂದ ಹುಡುಕುತ್ತಿದ್ದೇನೆ. ಸಾರಿಗೆ ಉಪ್ಪು ಹೆಚ್ಚಾಗಿತ್ತಾ? ಬಸ್ಸಿನಲ್ಲಿ ಕೂತ ಮೇಲೆ ತಿರುಗಿ ನೋಡಲಿಲ್ಲವಾ? ನಗಬೇಡ, ಹಾಗೆಲ್ಲ ಯೋಚಿಸಿದ್ದೇನೆ.

ನೀನು ಹೇಳುತ್ತಿದ್ದೀಯ, ನಿನ್ನ ಕಂಪ್ಯೂಟರೂ ಹೇಳುತ್ತಿದೆ. ಇನ್ನು ನಾನು ಯಾರ ಹತ್ತಿರ ಜಗಳ ಆಡಲಿ? ಬೇಸಿಗೆ ರಜೆ ಮುಗಿದು ಕೋರ್ಟು ಶುರುವಾದ ಮೇಲೆ ಮೊದಲ ತಾರೀಖಿಗೆ ಕೇಸು ವಾಪಸ್ ತೆಗೆದುಬಿಡಿ ಎಂದು ಲಾಯರಿಗೆ ಹೇಳಿಬಿಟ್ಟಿದ್ದೇನೆ. ಅಪ್ಪನೇ ಬೇಡ ಅಂದ ಮೇಲೆ ಅಪ್ಪನ ಮಣ್ಣು ತಗೊಂಡು ಏನು ಮಾಡಲಿ.

ಒಂದೇ ಒಂದು ಸಂಶಯ. ದಡ್ಡಿ ಕೇಳುತ್ತಾಳೆ ಎಂದುಕೋ. ಅವತ್ತು ನಿಮ್ಮ ಸಾಕ್ಷಿ ಸರ್ವರು ಬಾಯಿ ಬಿಡಲಿಲ್ಲ ಎಂದು ನೀನೇ ಬರೆದಿದ್ದೀಯ. ಹಾಗಿದ್ದರೆ ಅವತ್ತು ಹದಿನೆಂಟು ಎಂದು ನಿನ್ನ ಕಂಪ್ಯೂಟರಿಗೆ ಹೇಳಿದವರು ಯಾರು?

ಉತ್ತರ ಬರೆಯಲೇಬೇಕೆಂದೇನೂ ಇಲ್ಲ.

ಕಲಾವತಿ


ಯಶವಂತಪುರ
24 ಜೂನ್ 2015

ಕಲಕ್ಕಾ,

ಕೇಸು ವಾಪಸ್ ತೆಗೆದುಕೊಂಡೆಯಾ? ಇಲ್ಲದಿದ್ದರೆ ದಮ್ಮಯ್ಯ ಅಂತೀನಿ, ತೆಗೆಯಬೇಡ. ಈ ಕಾಗದ ನಿನ್ನ ಕೈ ಸೇರುವ ಮೊದಲೇ ಲಾಯರಿಗೆ ಫೋನ್ ಮಾಡುತ್ತಿದ್ದೇನೆ.

ಮೂರು ತಿಂಗಳು ನಿನಗೆ ಉತ್ತರ ಬರೆಯಲಿಲ್ಲ. ನಿನ್ನ ಆ ಕೊನೆಯ ಪ್ರಶ್ನೆ ಓದಿ ಮೊದಲು ನಗು ಬಂತು. ಕಂಪ್ಯೂಟರಿಗೆ ತಾರೀಖು ಯಾರು ಹೇಳಬೇಕು, ಅದರೊಳಗೇ ಗಡಿಯಾರ ಇರುತ್ತದೆ ಎಂದುಕೊಂಡೆ. ಆಮೇಲೆ ನಗು ಬರಲಿಲ್ಲ. ಆದರೂ ಸುಮ್ಮನಿದ್ದೆ.

ನಿನ್ನೆ ಆದದ್ದು ಕೇಳು. ಹೊಸ ವರ್ಶನ್ ತಯಾರಾಗಿತ್ತು. ಊಟ ಮುಗಿಸಿ ಬಂದು ನೋಡಿದರೆ, ಸಹಿ ಹಾಕುವ ಕಂಪ್ಯೂಟರಿನ ಮುಂದೆ ಸೊಣ್ಣಪ್ಪನವರು ಕನ್ನಡಕ ಏರಿಸಿಕೊಂಡು ಕೂತಿದ್ದಾರೆ, ಪಕ್ಕದಲ್ಲಿ ಪಂಚಾಂಗ. ಮೂಲೆಯಲ್ಲಿರುವ ತಾರೀಖು ಒತ್ತಿ ಒತ್ತಿ ಹಿಂದಕ್ಕೆ ತಳ್ಳುತ್ತಿದ್ದಾರೆ. 23 ಇದ್ದದ್ದು 15 ಆಯಿತು. ಏನು ಮಾಡುತ್ತಿದ್ದೀರಿ ಸರ್ ಎಂದೆ.

"ಈ ವರ್ಸ ಎಲ್ಡು ಆಷಾಢ ಬಂದದೆ ಕಣಯ್ಯಾ, ಅಧಿಕ ಒಂದು, ನಿಜ ಒಂದು. ಒಸ ಮಗು ಆಷಾಢದಾಗೆ ಆಚಿಕ್ಕೆ ಬರಬಾರದು. ನಾಕು ದಿನ ಇಂದಕ್ಕೆ ಆಕ್ಕೊಂಡ್ರೆ ಯಾರ್ಗೇನು ನಷ್ಟ?"

ಕಂಪನಿ ಶುರುವಾದಾಗಿನಿಂದ ಪ್ರತಿ ಆಷಾಢದಲ್ಲೂ ಹೀಗೇ ಮಾಡುತ್ತ ಬಂದಿದ್ದಾರಂತೆ. ಪ್ಯಾಕೇಜು ಹೋದ ಮೇಲೆ ಸಾಯಂಕಾಲ ಸರಿಮಾಡಿ ಇಡುವುದರಿಂದ ಯಾರಿಗೂ ಗೊತ್ತಾಗಿಲ್ಲ. ನಾನು ತಲೆ ಬಗ್ಗಿಸಿ ಕೆಲಸ ಮಾಡುವವನು, ಮೂಲೆಯ ತಾರೀಖು ಯಾವತ್ತು ನೋಡಿದ್ದೆ?

2012ರ ಪಂಚಾಂಗ ಎಲ್ಲಿದೆ ಎಂದು ಕೇಳಿದೆ. ಅವರು ಯಾವ ಪಂಚಾಂಗವನ್ನೂ ಬಿಸಾಡುವವರಲ್ಲ. ಆ ವರ್ಷ ಜೂನ್ 20 ಬುಧವಾರ ಆಷಾಢ ಶುರು. 19 ಮಂಗಳವಾರ, ಅಮಾವಾಸ್ಯೆ. ಆಷಾಢದಿಂದ ಹಿಂದಕ್ಕೆ ಓಡಿದವನಿಗೆ ಕಾಲಿಡಲು ಸಿಗುವ ಮೊದಲ ದಿನ 18, ಸೋಮವಾರ. ಸೊಣ್ಣಪ್ಪನವರಿಗೆ ಸಿಕ್ಕಿದ್ದೂ ಅದೇ ದಿನ. ಪತ್ರ ಬರೆದ ಪಂಚಪ್ಪನವರಿಗೆ ಸಿಕ್ಕಿದ್ದೂ ಅದೇ ಇರಬೇಕು. ಎರಡೂ ಒಂದೇ ಹೇಳುತ್ತವೆ ಎಂದು ನಿನಗೆ ಬರೆದೆನಲ್ಲ, ಎರಡೂ ಒಂದೇ ಸುಳ್ಳು ಹೇಳುತ್ತಿದ್ದವು.

ಆದರೆ ಅಸಲು ದಿನ ಯಾವುದು? ಆಷಾಢದಲ್ಲಿ ಒಂದು ದಿನ, ಅಷ್ಟೇ ಗೊತ್ತು. ಲಕ್ವಾ ಹೊಡೆದದ್ದು 21. ಸಹಿ 20ನೇ ತಾರೀಖೇ ಆಗಿದ್ದರೆ? ಸೋಲದೇವನಹಳ್ಳಿಗೆ ಹೋಗಿ ನೋಡುತ್ತೇನೆ. ಅಲ್ಲಿಯದು ಮಾತ್ರ ಯಾಕೆ ನಿಲ್ಲಲಿಲ್ಲ ಎಂಬುದರಲ್ಲಿ ಏನೋ ಇದೆ.

ಕೇಸು ತೆಗೆಯಬೇಡ.

ಶಿವು


ಯಶವಂತಪುರ
6 ಜುಲೈ 2015

ಕಲಕ್ಕಾ,

ನಿನ್ನಿಂದ ಕಾಗದ ಬಂದಿಲ್ಲ. ಕೇಸು ಇನ್ನೂ ಇದೆ ಎಂದು ಲಾಯರು ಹೇಳಿದರು, ಅಷ್ಟು ಸಾಕು.

ನಿನ್ನೆ ಭಾನುವಾರ ಸೋಲದೇವನಹಳ್ಳಿಗೆ ಹೋಗಿದ್ದೆ. ಲಕ್ಕಣ್ಣನವರ ಕಂಪ್ಯೂಟರಿನ ಮೇಲೆ ಜಲ್ಲಿ ಧೂಳು ಒಂದು ಬೆರಳು ಕೂತಿತ್ತು. ಒರೆಸಿ, ಪ್ರೋಗ್ರಾಂ ಮೇಲಿನ ಸಹಿಯ ವಿವರ ತೆಗೆದೆ. ಅಲ್ಲಿ ಮುದ್ರೆ ಇದೆ. ಹೊರಗಿನ ಸರ್ವರ್ ಒತ್ತಿದ ಮುದ್ರೆ. 3 ಜುಲೈ 2012, ಮಂಗಳವಾರ, ಮಧ್ಯಾಹ್ನ ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷ. ನಮ್ಮ ಕಂಪ್ಯೂಟರು ಜೂನ್ ಹದಿನೆಂಟು ಎಂದುಕೊಂಡು ಕೂತಿದ್ದರೆ ಅದಕ್ಕೇನು? ಹೊರಗಿನ ಸರ್ವರ್ ತನ್ನ ಗಡಿಯಾರ ನೋಡಿ ಬರೆದಿದೆ. ನಮ್ಮ ಆಷಾಢ ಅದಕ್ಕೆ ಗೊತ್ತಿಲ್ಲ.

ದೊಡ್ಡಪ್ಪ ಮಾತು ನಿಲ್ಲಿಸಿ ಅವತ್ತಿಗೆ ಹನ್ನೆರಡು ದಿನವಾಗಿತ್ತು.

ಅದನ್ನು ನೋಡಿದ ಮೇಲೆ ಎಲ್ಲ ಒಂದೊಂದಾಗಿ ನೆನಪಾಯಿತು. ಅವತ್ತು ಮಧ್ಯಾಹ್ನ ಎರಡು ಗಂಟೆಯಿಂದ ಸರ್ವರ್ ಉತ್ತರ ಕೊಡಲಿಲ್ಲ. ಕಾಯಬೇಡ ಕಳಿಸು ಎಂದು ಸೊಣ್ಣಪ್ಪನವರು ಅವಸರ ಮಾಡಿದರು, ಮುದ್ರೆ ಇಲ್ಲದೆ ನಾಲ್ಕು ಕಡೆಗೆ ಕಳಿಸಿದೆ. ಮನಸ್ಸು ಒಪ್ಪದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದಾಗ ಬಾಲರಾಜಣ್ಣ ಬಂದರು. ಅವರು ಹೋದ ಮೇಲೆ ಇನ್ನೊಂದು ಸರ್ವರ್ ಕೇಳಿದೆ, ಅದು ಕೊಟ್ಟಿತು. ಆ ಒಂದು ಕಾಪಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಸಾಯಂಕಾಲ ಬೈಕಿನಲ್ಲಿ ಸೋಲದೇವನಹಳ್ಳಿಗೆ ನಾನೇ ಹೋಗಿ ಹಾಕಿ ಬಂದೆ.

ಬಾಲರಾಜಣ್ಣ ಎಲ್ಲಿಗೆ ಬಂದರು ಎಂದು ನಾನು ಇಲ್ಲಿಯವರೆಗೆ ನಿನಗೆ ಬರೆದಿಲ್ಲ. ನೀನು ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಅದು. ಅವರು ಇಲ್ಲಿಗೆ, ಯಶವಂತಪುರದ ಆಫೀಸಿಗೆ ಬಂದರು. ಕೂರಲೂ ಇಲ್ಲ. ಕಾಗದವನ್ನು ಕೀಬೋರ್ಡಿನ ಮೇಲೆ ಇಟ್ಟರು. ಹೆಬ್ಬೆಟ್ಟು ಆಗಲೇ ಒತ್ತಿಯಾಗಿತ್ತು. "ಅಪ್ಪನ ಕಾಗ್ದ. ಒಂದು ಸೈನ್ ತಾನೇ, ಆಕು ಮಗಾ" ಅಂದರು. ನಾನು ಸ್ಕ್ರೀನ್ ನೋಡುತ್ತಲೇ ಹಾಕಿದೆ. ಓದಲಿಲ್ಲ. ದೊಡ್ಡಪ್ಪನನ್ನು ನೋಡಲಿಲ್ಲ. ನನ್ನ ಎದುರಿಗೆ ಹೆಬ್ಬೆಟ್ಟು ಒತ್ತಿದರು ಎಂದು ಅದರಲ್ಲಿ ಬರೆದಿದೆ, ನಾನು ಯಾರ ಹೆಬ್ಬೆಟ್ಟನ್ನೂ ನೋಡಲಿಲ್ಲ ಅಕ್ಕ. ದೊಡ್ಡಪ್ಪ ಮನೆಯಲ್ಲೇ ಇದ್ದರು, ಏನೂ ಅನ್ನಲಿಲ್ಲ ಎಂದು ಮಾರ್ಚಿನಲ್ಲಿ ಬರೆದೆ. ನಿಜವೇ. ಅವರು ಮನೆಯಲ್ಲಿದ್ದರು, ನಾನು ಇಲ್ಲಿದ್ದೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಬಾಲರಾಜಣ್ಣ ವಿಲ್ ಓದಿದಾಗಲೇ ಅದರಲ್ಲಿ ನನ್ನ ಸಹಿ ಇದೆ ಎಂದು ನನಗೆ ತಿಳಿದದ್ದು. ಅಷ್ಟು ಹೊತ್ತಿಗೆ ಅವರು ನಮಗೆ ಮಹಡಿ ಮನೆ ಕೊಟ್ಟು ಎರಡು ತಿಂಗಳಾಗಿತ್ತು. ಬಾಡಿಗೆ ಬೇಡ, ತಮ್ಮ ಅಲ್ವಾ ಅಂದಿದ್ದರು. ನಾನು ಬಾಯಿ ಮುಚ್ಚಿಕೊಂಡೆ. ದಿನ ನೆನಪಿಲ್ಲ ಎಂದು ನಿನಗೆ ಬರೆದದ್ದು ಅರ್ಧ ನಿಜ. ನೆನಪು ಮಾಡಿಕೊಳ್ಳಲು ನಾನು ಹೋಗಲಿಲ್ಲ, ಅದು ಉಳಿದರ್ಧ. ಫೈಲಿನ ಮೇಲೆ 18 ಎಂದು ಕಂಡಾಗ ನನಗೆ ದುಃಖವಾಗಲಿಲ್ಲ, ಹಗುರವಾಯಿತು. ಅದನ್ನೂ ಹೇಳಿಬಿಡುತ್ತೇನೆ.

ಕೋರ್ಟಿನಲ್ಲಿ ಇದನ್ನೇ ಹೇಳುತ್ತೇನೆ. ಧನಲಕ್ಷ್ಮಿಗೆ ನಿನ್ನೆ ಎಲ್ಲ ಹೇಳಿದೆ. "ಮೊದ್ಲೇ ಹೇಳಿದ್ರೆ ಈ ಮನೆ ನೀರು ಕುಡೀತಿರ್ಲಿಲ್ಲ ನಾನು" ಎಂದು ಎದ್ದುಹೋಗಿ ಅಟ್ಟದ ಮೇಲಿನ ಪಾತ್ರೆ ಇಳಿಸಲು ಶುರುಮಾಡಿದಳು.

ಶಿವು


ಸೋಲದೇವನಹಳ್ಳಿ
3 ಸೆಪ್ಟೆಂಬರ್ 2015

ಕಲಕ್ಕಾ,

ಹೋದ ಗುರುವಾರ ಕೋರ್ಟಿನಲ್ಲಿ ನಿನ್ನನ್ನು ನೋಡಿದೆ. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ನಾನು ಹೇಳಿದ್ದು ನಿನಗೆ ಕೇಳಿಸಿತೋ ಇಲ್ಲವೋ, ಅಲ್ಲಿ ಫ್ಯಾನಿನ ಸದ್ದು ಜಾಸ್ತಿ. ಬಾಲರಾಜಣ್ಣನ ಲಾಯರು ಅರ್ಧ ಗಂಟೆ ತರಾಟೆಗೆ ತೆಗೆದುಕೊಂಡರು. ಮೂರು ವರ್ಷ ಸುಮ್ಮನಿದ್ದು ಈಗ ಯಾಕೆ ಎಂದು ಕೇಳಿದರು. ಮನೆ ಹೋಗುತ್ತದೆಂದು ಹೆದರಿಕೆಯಾಗಿತ್ತು ಎಂದೆ. ಆಚೆ ಬಂದು ನಿನಗಾಗಿ ಕಾದೆ, ನೀನು ಇನ್ನೊಂದು ಬಾಗಿಲಿನಿಂದ ಹೋಗಿಬಿಟ್ಟಿದ್ದೆ.

ಮನೆ ಬದಲಾಯಿಸಿದ್ದೇವೆ. ಮೇಲಿರುವುದು ಹೊಸ ವಿಳಾಸ. ಲಕ್ಕಣ್ಣನವರೇ ತೋರಿಸಿದ ಎರಡು ರೂಮು. ಮಗುವಿಗೆ ಸ್ಕೂಲು ದೂರವಾಯಿತು. ಉಳಿದಂತೆ ತೊಂದರೆಯಿಲ್ಲ. ಸೊಣ್ಣಪ್ಪನವರು ಸಹಿ ಹಾಕುವ ಕಂಪ್ಯೂಟರಿನ ತಂಟೆಗೆ ಬರುವುದಿಲ್ಲ ಎಂದಿದ್ದಾರೆ. ಪಂಚಾಂಗ ಮಾತ್ರ ಅಲ್ಲೇ ಇಟ್ಟಿದ್ದಾರೆ.

ನೀನು ಬರೆಯುತ್ತೀಯ ಎಂದು ದಿನಾ ಡಬ್ಬಿ ನೋಡುತ್ತೇನೆ. ಬೈದಾದರೂ ಬರೆ.

ಶಿವು


ಹೆಸರಘಟ್ಟ
2 ಅಕ್ಟೋಬರ್ 2015

ಶಿವು,

ಕೇಳಿಸಿತು. ಎಲ್ಲವೂ ಕೇಳಿಸಿತು.

ನಿನ್ನ ಜುಲೈ ಕಾಗದವನ್ನು ಎಷ್ಟು ಸಲ ಓದಿದೆನೋ, ಮಡಿಕೆ ಹರಿದು ಎರಡು ತುಂಡಾಗಿದೆ. ಮೊದಲು ಬಂದದ್ದು ಸಿಟ್ಟೂ ಅಲ್ಲ, ಅಳುವೂ ಅಲ್ಲ. ಅಪ್ಪ ನನ್ನನ್ನು ಬೇಡ ಅನ್ನಲಿಲ್ಲ, ಅಪ್ಪ ನನ್ನನ್ನು ಬೇಡ ಅನ್ನಲಿಲ್ಲ ಎಂದು ಒಂದೇ ಮಾತು ತಲೆಯಲ್ಲಿ ಓಡುತ್ತಿತ್ತು. ಫಾರಂನಲ್ಲಿ ಅವತ್ತು ಚೀಲದ ಜೊತೆ ನನ್ನ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟೆ. ಜೊತೆಯ ಸುಬ್ಬಮ್ಮ ನಕ್ಕಳು, ನಾನೂ ನಕ್ಕೆ. ಏನಾಗಿದೆ ನಿನಗೆ ಅಂದಳು. ಹೊಲಿಗೆ ಬಿಚ್ಚುತ್ತ ಕೂತೆ.

ಸಿಟ್ಟು ಆಮೇಲೆ ಬಂತು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ, ಬರೆದಿದ್ದರೆ ನೀನು ಓದಲಾಗದಂಥದ್ದು ಬರೆಯುತ್ತಿದ್ದೆ. ಬಾಲರಾಜುವಿನ ಮೇಲೆ ಅಷ್ಟು ಇಲ್ಲ. ಅವನು ಚಿಕ್ಕಂದಿನಿಂದಲೂ ಅಷ್ಟೇ, ನನ್ನ ಪಾಲಿನ ಹಲಸಿನ ತೊಳೆ ಕಿತ್ತುಕೊಳ್ಳುತ್ತಿದ್ದವನು. ನಿನ್ನ ಮೇಲೆ. ನೀನು ಒಳ್ಳೆಯವನು ಎಂದುಕೊಂಡಿದ್ದೆ.

ಜಾಗ ಬರುತ್ತದೋ ಬಿಡುತ್ತದೋ, ಇನ್ನೂ ಎರಡು ವರ್ಷ ಎಳೆಯಬಹುದು ಎಂದು ಲಾಯರು ಹೇಳುತ್ತಾರೆ. ಎಳೆಯಲಿ. ಅದಲ್ಲ ನಾನು ನಿನಗೆ ಹೇಳಬೇಕಾದದ್ದು.

ಈಗ ಪಿತೃಪಕ್ಷ. ಹನ್ನೆರಡನೇ ತಾರೀಖು ಸೋಮವಾರ ಮಹಾಲಯ ಅಮಾವಾಸ್ಯೆ. ಅಪ್ಪ ಹೋದ ಮೇಲೆ ಬಂದ ಅಮಾವಾಸ್ಯೆಗಳಲ್ಲಿ, ನಮ್ಮ ಯಜಮಾನರ ಕಡೆಯ ಹಿರಿಯರಿಗೆಲ್ಲ ಎಡೆ ಹಾಕಿದೆ. ಅಪ್ಪನ ಹೆಸರಿನಲ್ಲಿ ಒಂದು ಎಲೆ ಹಾಕಲಿಲ್ಲ. ಮನೆಯವರು ಕೇಳಿದರು, ನಿಮ್ಮಪ್ಪನಿಗೂ ಒಂದು ಬಡಿಸೇ ಎಂದು. ಸಂಬಂಧವಿಲ್ಲ ಎಂದವರಿಗೆ ನಾನು ಯಾಕೆ ಬಡಿಸಲಿ ಅಂದೆ. ಅಷ್ಟೂ ವರ್ಷ ಅಪ್ಪ ಹಸಿದುಕೊಂಡು ನನ್ನ ಬಾಗಿಲಿಗೆ ಬಂದು ಹಾಗೇ ಹೋದರು ಶಿವು. ಅವರು ನನ್ನನ್ನು ಬಿಟ್ಟಿರಲಿಲ್ಲ, ನಾನು ಅವರನ್ನು ಬಿಟ್ಟೆ. ಇದಕ್ಕೆ ಯಾವ ಕೋರ್ಟು ಏನು ಮಾಡುತ್ತದೆ, ಹೇಳು.

ಅವತ್ತು ಬಾ. ಧನಲಕ್ಷ್ಮಿಯನ್ನೂ ಮಗುವನ್ನೂ ಕರೆದುಕೊಂಡು ಬಾ. ಕ್ಷಮಿಸಿದ್ದೇನೆ ಎಂದು ಕರೆಯುತ್ತಿಲ್ಲ, ಅದು ಯಾವಾಗ ಆಗುತ್ತದೋ ನನಗೇ ಗೊತ್ತಿಲ್ಲ. ಮುದ್ದೆ, ಬಸ್ಸಾರು, ಅವರಿಗೆ ಇಷ್ಟವಾದದ್ದೆಲ್ಲ ಮಾಡಿ ಅಪ್ಪನಿಗೆ ಎಲೆ ಹಾಕುತ್ತೇನೆ. ನಾನು ಬಡಿಸುವಾಗ ನೀನು ಎದುರಿಗೆ ನಿಂತಿರಬೇಕು. ಈ ಸಲ ಕಣ್ಣು ಬಿಟ್ಟು ನೋಡು.

ಅಕ್ಕ